ಸೆಮಿಫೈನಲ್‌ನಲ್ಲಿ ಎಲ್ಲರನ್ನೂ ಆಡಿಸಿ ಸೋತರು: ಪಿಟಿ ಮಾಸ್ತರರು ಮಾಡಿದ್ದು ಸರಿಯೇ?

ಕೇಶ್ವಾಪುರದ ತಂದೆ:

ಹುಬ್ಬಳ್ಳಿಯ ಕ್ಯಾಥೊಲಿಕ್ ಶಾಲೆಯೊಂದರಲ್ಲಿ ನನ್ನ ಮಗ ಎಂಟನೇ ತರಗತಿ ಓದುತ್ತಿದ್ದಾನೆ. ಯಾವ ಶಾಲೆ ಎಂದು ಊಹಿಸಿದವರು ದಯವಿಟ್ಟು ಇಲ್ಲಿ ಬರೆಯಬೇಡಿ, ಅವನು ಎಸ್ಸೆಸ್ಸೆಲ್ಸಿವರೆಗೆ ಅಲ್ಲೇ ಇರಬೇಕು. ಹದಿನಾಲ್ಕು ವರ್ಷದೊಳಗಿನವರ ಫುಟ್‌ಬಾಲ್ ತಂಡದಲ್ಲಿ ಮುಂದಿನ ಸಾಲಿನ ಆಟಗಾರ. ಮೊನ್ನೆ ಅಂತರಶಾಲಾ ಪಂದ್ಯಾವಳಿಯ ಸೆಮಿಫೈನಲ್. ಮಧ್ಯಂತರದ ಹೊತ್ತಿಗೆ ನಮ್ಮವರು 1-0 ಮುಂದಿದ್ದರು. ಆಟ ಮತ್ತೆ ಆರಂಭವಾದಾಗ ನೋಡುತ್ತೇನೆ, ಪಿಟಿ ಮಾಸ್ತರರು ನನ್ನ ಮಗನೂ ಸೇರಿದಂತೆ ನಾಲ್ವರನ್ನು ಹೊರಗೆ ಕೂರಿಸಿ, ಅಲ್ಲಿಯವರೆಗೆ ಬೆಂಚಿನ ಮೇಲಿದ್ದ ನಾಲ್ವರನ್ನು ಒಳಗೆ ಕಳುಹಿಸಿದ್ದಾರೆ. ಯಾರಿಗೂ ಪೆಟ್ಟಾಗಿರಲಿಲ್ಲ, ಯಾರೂ ದಣಿದಿರಲಿಲ್ಲ.

ಹಿಂದಿನ ರಾತ್ರಿ ಚೆನ್ನಾಗಿ ಮಳೆಯಾಗಿತ್ತು. ಗರಸು ಹಾಕಿದ ನಡುಭಾಗ ಬಿಟ್ಟರೆ ಉಳಿದದ್ದೆಲ್ಲ ಎರೆ ಮಣ್ಣು. ಬೂಟಿನ ಅಡಿಗೆ ಮೆತ್ತಿಕೊಂಡರೆ ಕಾಲು ಎತ್ತುವುದೇ ಕಷ್ಟ. ಬಲಗಡೆಯ ರಕ್ಷಣೆಗೆ ಬಂದವನು ತಂಡದಲ್ಲೇ ಚಿಕ್ಕವನು, ಅಣ್ಣನ ಬೂಟು ಹಾಕಿಕೊಂಡಿದ್ದ. ಗೋಲಿನ ಮುಂದೆ ಬಂದ ಚೆಂಡನ್ನು ಜಾಡಿಸಿ ಒದೆದ. ಚೆಂಡು ಅಲ್ಲೇ ಉಳಿಯಿತು, ಬೂಟು ಹಾರಿತು. ಎದುರಾಳಿ ಹುಡುಗ ಅವಸರವೇ ಇಲ್ಲದೆ ಗೋಲು ಹೊಡೆದ. ಕೊನೆಗೆ 1-2ರಿಂದ ಸೋತೆವು.

ಮಾಸ್ತರರನ್ನು ಕೇಳಿದರೆ, ‘ಅಭ್ಯಾಸಕ್ಕೆ ತಪ್ಪದೆ ಬಂದವನು ಅರ್ಧ ಆಟವಾದರೂ ಆಡಬೇಕು, ಇದು ನಮ್ಮ ಪದ್ಧತಿ’ ಎಂದರು. ಫಾದರ್ ಬಳಿ ಹೋದರೆ, ‘ನನ್ನನ್ನು ಕೇಳಿಯೇ ಮಾಡಿದ್ದಾರೆ’ ಎಂದು ಚಹಾ ತರಿಸಿದರು. ಶೀಲ, ಶಿಸ್ತು ಎಂದು ಗೋಡೆಗೆಲ್ಲ ಬರೆಸಿದ್ದಾರೆ, ನನ್ನ ತಕರಾರಿಲ್ಲ. ಆದರೆ ಗೆಲ್ಲಬೇಕೆಂದು ಹಟ ಹಿಡಿಯುವುದೂ ಒಂದು ಗುಣವಲ್ಲವೇ? ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ರೈಲ್ವೆ ಕಾಲೊನಿಯ ಹಳಬ:

ಸರ್, ನಿಮ್ಮ ಸಂಕಟ ನ್ಯಾಯವಾದದ್ದು. ಎಲ್ಲರಿಗೂ ಒಂದೊಂದು ಚಮಚ ಹಂಚಲು ಫುಟ್‌ಬಾಲೇನು ಪಂಚಾಮೃತವೇ? ನಾವು ಹುಡುಗರಾಗಿದ್ದಾಗ ವರ್ಕ್‌ಶಾಪಿನ ಪಾಳಿ ಮುಗಿಸಿ ದೊಡ್ಡವರು ಮೈದಾನಕ್ಕೆ ಇಳಿಯುತ್ತಿದ್ದರು. ನಮಗೆ ಗೋಲಿನ ಹಿಂದೆ ನಿಂತು ಚೆಂಡು ತಂದುಕೊಡುವ ಕೆಲಸ. ಯಾರಾದರೂ ಕಾಲು ಉಳುಕಿಸಿಕೊಂಡರೆ ನಮ್ಮಲ್ಲಿ ಒಬ್ಬನಿಗೆ ಅವಕಾಶ. ಅದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆವು. ಜಾಗ ಗಳಿಸಬೇಕು, ಕೇಳಿ ಪಡೆಯಬಾರದು. ಆ ಮಾಸ್ತರರು ನಾಲ್ವರಿಗೆ ಉಪಕಾರ ಮಾಡಲು ಹೋಗಿ ಇಡೀ ತಂಡಕ್ಕೆ ಫೈನಲ್ ತಪ್ಪಿಸಿದರು.

ಹಾವೇರಿಯ ನಿವೃತ್ತ ಮಾಸ್ತರ:

ಹಳಬರೇ, ತಾವು ಹೇಳುವುದು ದೊಡ್ಡವರ ಆಟದ ಮಾತು. ನಾನು ಸರ್ಕಾರಿ ಪ್ರೌಢಶಾಲೆಗಳಲ್ಲೇ ಸೇವೆ ಮುಗಿಸಿದವನು, ಕ್ಯಾಥೊಲಿಕ್ ಶಾಲೆಯ ಪರವಾಗಿ ಮಾತನಾಡಬೇಕಾದ ಹಂಗು ನನಗಿಲ್ಲ.

ಹದಿಮೂರನೇ ವಯಸ್ಸಿನಲ್ಲಿ ‘ಚೆನ್ನಾಗಿ ಆಡುತ್ತಾನೆ’ ಎಂದು ನಾವು ಹೇಳುವ ಹುಡುಗ ಬಹಳ ಸಲ ಬೇಗ ಬೆಳೆದ ಹುಡುಗ, ಅಷ್ಟೇ. ಒಂದೇ ವರ್ಷ ಹುಟ್ಟಿದ ಇಬ್ಬರನ್ನು ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಮೂಡಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಎಲುಬಿನ ಬೆಳವಣಿಗೆಯಲ್ಲಿ ಅವರ ನಡುವೆ ವರ್ಷಗಳ ಅಂತರವಿರಬಹುದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಅಕಾಡೆಮಿಗಳಲ್ಲಿ ಇದೇ ಕಾರಣಕ್ಕೆ ಹುಟ್ಟಿದ ತಾರೀಖು ಬಿಟ್ಟು ದೇಹದ ಬೆಳವಣಿಗೆ ನೋಡಿ ಹುಡುಗರನ್ನು ಗುಂಪು ಮಾಡಿ ಆಡಿಸಿದ್ದಾರೆ. ನಮ್ಮಲ್ಲಿ ಹುಟ್ಟಿದ ತಾರೀಖಿನ ಕಥೆಯೇ ಬೇರೆ. ನನ್ನ ಹಾಜರಿ ಪುಸ್ತಕದಲ್ಲಿ ಅರ್ಧ ತರಗತಿ ಜೂನ್ 1ರಂದೇ ಹುಟ್ಟಿರುತ್ತಿತ್ತು! ಶಾಲೆಗೆ ಸೇರಿಸುವಾಗ ಗುರುಗಳು ಬರೆದದ್ದೇ ಜಾತಕ. ಹೀಗಿರುವಾಗ ಎಂಟನೇ ತರಗತಿಯ ಚಿಕ್ಕ ಹುಡುಗನನ್ನು ಬೆಂಚಿಗೆ ಕಟ್ಟಿಹಾಕಿದರೆ ಅವನು ಎತ್ತರವಾಗುವ ಹೊತ್ತಿಗೆ ಆಟ ಬಿಟ್ಟಿರುತ್ತಾನೆ. ಬೇಗ ಬೆಳೆದವನೂ ಕೆಡುತ್ತಾನೆ. ಮೈಬಲದಿಂದಲೇ ಗೆಲ್ಲುವ ರೂಢಿಯಾಗಿ ಪಾಸ್ ಕೊಡುವುದನ್ನೇ ಕಲಿಯುವುದಿಲ್ಲ.

ನಿಯಮದ ಮಾತೂ ಇದೆ. ದೊಡ್ಡವರ ಪಂದ್ಯಗಳಲ್ಲಿ ಒಮ್ಮೆ ಹೊರಬಂದವನು ಮತ್ತೆ ಒಳಗೆ ಹೋಗುವಂತಿಲ್ಲ. ಆದರೆ ಮಕ್ಕಳ, ಹಿರಿಯರ ಮತ್ತು ತಳಮಟ್ಟದ ಪಂದ್ಯಗಳಲ್ಲಿ ಹೊರಬಂದವನನ್ನು ಮತ್ತೆ ಕಳುಹಿಸಲು ಆಟದ ಮೂರನೇ ನಿಯಮದಲ್ಲೇ ಅವಕಾಶವಿದೆ, ದೇಶದ ಫುಟ್‌ಬಾಲ್ ಸಂಸ್ಥೆ ಒಪ್ಪಬೇಕು ಅಷ್ಟೇ. ಆ ಪಂದ್ಯಾವಳಿಯಲ್ಲಿ ಹಾಗೆ ಬಿಡುತ್ತಿದ್ದರೆ, ಮಾಸ್ತರರು ನಾಲ್ವರನ್ನು ಒಟ್ಟಿಗೆ ಬದಲಿಸದೆ ಮೊದಲ ಹದಿನೈದು ನಿಮಿಷದಿಂದಲೇ ಒಬ್ಬೊಬ್ಬರನ್ನಾಗಿ ಒಳಗೆ ಹೊರಗೆ ಮಾಡಬಹುದಿತ್ತು. ಅವರ ಉದ್ದೇಶ ಸರಿ, ಕೈಚಳಕ ಸಾಲದು.

ಇನ್ನೊಂದು ಮಾತು ಸರ್, ಬೇಸರ ಮಾಡಿಕೊಳ್ಳಬೇಡಿ. ಗೋಲು ಬಿದ್ದದ್ದು ಆ ಹುಡುಗನಿಂದಲ್ಲ, ಅಣ್ಣನ ಬೂಟಿನಿಂದ.

ನಿರ್ವಾಹಕ:

ಶಾಲೆಯ ಹೆಸರು ಬರೆದಿದ್ದ ಉತ್ತರಗಳನ್ನು ತೆಗೆದಿದ್ದೇನೆ. ಮುಂದುವರಿಸಿ.

ಗದಗಿನ ತಾಯಿ:

ಬೆಂಚಿನ ಮೇಲೆ ಕೂರುವ ಹುಡುಗನ ಮನೆಯ ಕಥೆಯನ್ನೂ ಕೇಳಿ. ನನ್ನ ಹಿರಿಯ ಮಗ ಇನ್ನೊಂದು ಶಾಲೆಯಲ್ಲಿ ಇಡೀ ಮಳೆಗಾಲ ತಂಡದ ಜೊತೆ ಓಡಾಡಿದ. ನಸುಕಿನಲ್ಲಿ ಎದ್ದು ಅಭ್ಯಾಸಕ್ಕೆ ಹೋಗುವುದು, ಪಂದ್ಯದ ದಿನ ಬಸ್ಸಿನಲ್ಲಿ ಚೆಂಡುಗಳ ಜಾಳಿಗೆ ತೊಡೆಯ ಮೇಲಿಟ್ಟುಕೊಂಡು ಕೂರುವುದು, ಎಲ್ಲವೂ ಅವನದೇ. ಸಂಜೆ ಬಂದು ಕೆಸರು ಅಂಗಿ ಬಚ್ಚಲಿಗೆ ಹಾಕುತ್ತಿದ್ದ. ಒಮ್ಮೆ ತೊಳೆಯುವಾಗ ನೋಡಿದೆ, ಎದೆಯ ಮೇಲೆ ಐದು ಬೆರಳಿನ ಗುರುತು. ಬಿದ್ದು ಆದ ಕೆಸರಲ್ಲ, ಕೈಯಿಂದ ಹಚ್ಚಿಕೊಂಡದ್ದು. ಆಡಿಯೇ ಇಲ್ಲ ಎಂದು ಮನೆಯಲ್ಲಿ ತಿಳಿಯಬಾರದು ಎಂದು ಹಾಗೆ ಮಾಡಿದ್ದ. ನಾನು ಏನೂ ಕೇಳಲಿಲ್ಲ. ಮುಂದಿನ ವರ್ಷ ಅವನೇ ತಂಡ ಬಿಟ್ಟ.

ಕೇಶ್ವಾಪುರದ ಅಣ್ಣನವರೇ, ನಿಮ್ಮ ಮಗ ಎರಡು ದಿನ ಊಟ ಬಿಟ್ಟ. ನನ್ನ ಮಗ ಕಲಿತದ್ದು ಸುಳ್ಳು ಹೇಳುವುದನ್ನು. ಯಾವ ಶಾಲೆಯ ಗೋಡೆಯ ಮೇಲೂ ಅದನ್ನು ಬರೆದಿರುವುದಿಲ್ಲ.

ಸಂಶಯಪ್ಪ:

ಎಲ್ಲರೂ ಒಂದು ವಿಷಯವನ್ನು ಪ್ರಶ್ನೆ ಇಲ್ಲದೆ ಒಪ್ಪಿಕೊಂಡಿದ್ದೀರಿ: ಆಟ ಆಡಿದರೆ ಶೀಲ ಬೆಳೆಯುತ್ತದೆ ಎಂದು. ಯಾರು ಹೇಳಿದ್ದು? 1971ರಲ್ಲಿಯೇ ಬ್ರೂಸ್ ಓಗಿಲ್ವಿ ಮತ್ತು ಥಾಮಸ್ ಟಟ್ಕೊ ಎಂಬ ಇಬ್ಬರು ಅಮೆರಿಕದ ಕ್ರೀಡಾ ಮನೋವಿಜ್ಞಾನಿಗಳು, ಸಾವಿರಾರು ಕ್ರೀಡಾಪಟುಗಳನ್ನು ಪರೀಕ್ಷಿಸಿದ ಮೇಲೆ, ಕ್ರೀಡೆ ಶೀಲವನ್ನು ಬೆಳೆಸುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಬರೆದರು. ಅವರ ವಾದ ಸರಳ. ಗಟ್ಟಿ ಮನಸ್ಸಿನವರು ಆಟದಲ್ಲಿ ಉಳಿಯುತ್ತಾರೆ, ಉಳಿದವರು ಮೊದಲೇ ಉದುರಿ ಹೋಗುತ್ತಾರೆ. ಉಳಿದವರನ್ನು ನೋಡಿ ನಾವು ಆಟವೇ ಅವರನ್ನು ಗಟ್ಟಿ ಮಾಡಿತು ಎಂದುಕೊಳ್ಳುತ್ತೇವೆ. ಹಳಬರು ಹೇಳಿದ ರೈಲ್ವೆ ಮೈದಾನವೂ ಅದೇ. ಗೋಲಿನ ಹಿಂದೆ ಕಾದು ಕಾದು ಮನೆಗೆ ಹೋದವರು ಇಲ್ಲಿ ಬಂದು ಬರೆಯುತ್ತಿಲ್ಲ.

ಆಮೇಲೆ ಬಂದ ಸಂಶೋಧಕರು, ಮುಖ್ಯವಾಗಿ ಡೇವಿಡ್ ಶೀಲ್ಡ್ಸ್ ಮತ್ತು ಬ್ರೆಂಡಾ ಬ್ರೆಡೆಮಿಯರ್, ಇನ್ನೊಂದು ಸಂಗತಿ ಗಮನಿಸಿದರು. ಮೈದಾನಕ್ಕೆ ಇಳಿದ ಕೂಡಲೇ ಜನ ನ್ಯಾಯ ಅನ್ಯಾಯದ ಅಳತೆಗೋಲನ್ನೇ ಬದಲಿಸಿಕೊಳ್ಳುತ್ತಾರೆ. ಬೀದಿಯಲ್ಲಿ ಮಾಡಲು ನಾಚುವುದನ್ನು ಆಟದಲ್ಲಿ ‘ಇದು ಆಟದ ಭಾಗ’ ಎನ್ನುತ್ತಾರೆ. ಹಾಗಾಗಿ ಮಗುವನ್ನು ತಂಡಕ್ಕೆ ಸೇರಿಸಿದ ಮಾತ್ರಕ್ಕೆ ಸದ್ಗುಣ ಬರುವುದಿಲ್ಲ. ಮೋಸದಿಂದ ಪೆನಾಲ್ಟಿ ಗಿಟ್ಟಿಸುವುದನ್ನೂ ಅಲ್ಲೇ ಕಲಿಯಬಹುದು.

ಹಾವೇರಿಯ ನಿವೃತ್ತ ಮಾಸ್ತರ:

ಸಂಶಯಪ್ಪನವರೇ, ಒಪ್ಪಿದೆ. ಆದರೆ ಅದೇ ಓದಿನಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಿ. 1992ರಲ್ಲಿ ಬಾರ್ನೆಟ್, ಸ್ಮೋಲ್, ಸ್ಮಿತ್ ಎಂಬವರು ಅಮೆರಿಕದ ಮಕ್ಕಳ ಬೇಸ್‌ಬಾಲ್ ಲೀಗ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ಕೋಚ್‌ಗಳಿಗೆ ಒಂದಿಷ್ಟು ತರಬೇತಿ: ತಪ್ಪು ಮಾಡಿದವನನ್ನು ಬೈಯದೆ ತಿದ್ದುವುದು, ಫಲಿತಾಂಶಕ್ಕಿಂತ ಪ್ರಯತ್ನವನ್ನು ಹೊಗಳುವುದು. ಆ ಕೋಚ್‌ಗಳ ಕೈಕೆಳಗೆ ಆಡಿದ ಮಕ್ಕಳಲ್ಲಿ ಮುಂದಿನ ವರ್ಷ ಆಟ ಬಿಟ್ಟವರು ಶೇ 5. ತರಬೇತಿ ಇಲ್ಲದ ಕೋಚ್‌ಗಳ ಬಳಿ ಶೇ 26. ಎರಡು ಕಡೆಯ ತಂಡಗಳೂ ಹೆಚ್ಚುಕಡಿಮೆ ಸಮನಾಗಿಯೇ ಗೆದ್ದಿದ್ದವು. ಆಟ ಕಲಿಸುವುದಿಲ್ಲ, ಆಡಿಸುವವನು ಕಲಿಸುತ್ತಾನೆ. ಒಳ್ಳೆಯದನ್ನೂ, ಕೆಟ್ಟದ್ದನ್ನೂ.

ಜಪಮಾಲೆ:

ನಾನು ಕೇಶ್ವಾಪುರದ ಕ್ಯಾಥೊಲಿಕ್ ಕುಟುಂಬದವಳು. ಎಲ್ಲರೂ ‘ಕ್ಯಾಥೊಲಿಕ್ ಶಾಲೆ’ ಎನ್ನುತ್ತಿದ್ದೀರಿ, ಆದರೆ ಅಲ್ಲಿ ಮೈದಾನಕ್ಕೆ ಯಾಕೆ ಅಷ್ಟು ಬೆಲೆ ಎಂದು ಯಾರೂ ಕೇಳಲಿಲ್ಲ.

ಇಟಲಿಯ ತೂರಿನ್ ನಗರದಲ್ಲಿ ಡಾನ್ ಬಾಸ್ಕೊ (1815-1888) ಎಂಬ ಪಾದ್ರಿ ಬೀದಿ ಹುಡುಗರನ್ನು, ಕಾರ್ಖಾನೆಗೆ ಕೂಲಿಗೆ ಬಂದ ಹುಡುಗರನ್ನು ಕಟ್ಟಿಕೊಂಡು ಶಾಲೆ ಮಾಡಿದವರು. ಚಿಕ್ಕಂದಿನಲ್ಲಿ ಹಳ್ಳಿಯಲ್ಲಿ ಹಗ್ಗದ ಮೇಲೆ ನಡೆದು, ಲಾಗ ಹಾಕಿ ಜನ ಸೇರಿಸುತ್ತಿದ್ದರಂತೆ. ಟಿಕೆಟ್ ಏನೆಂದರೆ ಆಟದ ನಡುವೆ ಜಪಮಾಲೆ ಪ್ರಾರ್ಥನೆ! 1877ರಲ್ಲಿ ತಮ್ಮ ಶಿಕ್ಷಣ ಪದ್ಧತಿಯ ಬಗ್ಗೆ ಬರೆದಾಗ, ಮಕ್ಕಳಿಗೆ ಓಡಲು, ಜಿಗಿಯಲು, ಮನಸಾರೆ ಗದ್ದಲ ಮಾಡಲು ಬಿಡಬೇಕು, ಶಿಸ್ತು ಬರುವುದೇ ಅದರಿಂದ ಎಂಬ ಅರ್ಥದಲ್ಲಿ ಬರೆದರು. ಬೆತ್ತ ಹಿಡಿದು ಶಿಸ್ತು ಕಲಿಸುತ್ತಿದ್ದ ಕಾಲ ಅದು.

ನನಗೆ ಅದಕ್ಕಿಂತ ಹಿಡಿಸಿದ್ದು 1884ರ ಮೇ ತಿಂಗಳಲ್ಲಿ ರೋಮ್‌ನಿಂದ ಅವರು ತಮ್ಮ ಶಾಲೆಗೆ ಬರೆದ ಪತ್ರ. ಕನಸಿನಲ್ಲಿ ಎರಡು ಆಟದ ಬಯಲು ಕಂಡೆ ಎನ್ನುತ್ತಾರೆ. ಹಳೆಯ ದಿನಗಳ ಬಯಲಿನಲ್ಲಿ ಗುರುಗಳೂ ಹುಡುಗರ ನಡುವೆ ಓಡುತ್ತಿದ್ದಾರೆ. ಈಗಿನ ಬಯಲಿನಲ್ಲಿ ಗುರುಗಳು ಒಂದು ಮೂಲೆಯಲ್ಲಿ ತಮ್ಮತಮ್ಮಲ್ಲೇ ಮಾತನಾಡುತ್ತ ನಿಂತಿದ್ದಾರೆ, ಎಷ್ಟೋ ಹುಡುಗರು ಕಂಬಕ್ಕೆ ಒರಗಿ ಬೇಸರದಿಂದಿದ್ದಾರೆ. ಶಾಲೆ ಕೆಟ್ಟಿದೆ ಎಂದು ಅವರಿಗೆ ತಿಳಿದದ್ದು ಪರೀಕ್ಷೆಯ ಅಂಕದಿಂದಲ್ಲ, ಆಟದ ಬಿಡುವಿನಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದರಿಂದ. ಆ ಕಂಬಕ್ಕೆ ಒರಗಿದವರೇ ನಮ್ಮ ಬೆಂಚಿನ ಹುಡುಗರು. ಮಾಸ್ತರರು ಅವರನ್ನು ಎಬ್ಬಿಸಿ ಆಡಲು ಕಳುಹಿಸಿದರೆ ಅದನ್ನು ಸೋಲಿನ ಲೆಕ್ಕಕ್ಕೆ ಬರೆಯುತ್ತೀರಾ?

ರೈಲ್ವೆ ಕಾಲೊನಿಯ ಹಳಬ:

ತಂಗಿ, ಪತ್ರದ ವಿಷಯ ಚೆನ್ನಾಗಿದೆ. ಆದರೆ ಅದು ಆಟದ ಬಿಡುವು, ಇದು ಸೆಮಿಫೈನಲ್. ಬಿಡುವಿನಲ್ಲಿ ನೂರು ಜನ ಆಡಲಿ, ಯಾರು ಬೇಡ ಎಂದರು?

ಜಪಮಾಲೆ:

ಹಾಗಾದರೆ ಸೆಮಿಫೈನಲ್ ದಿನ ಮೌಲ್ಯಗಳಿಗೆ ರಜೆ ಎಂದಾಯಿತು, ಕಾಕಾ.

ಧಾರವಾಡದ ವಕೀಲ:

ಒಂದು ಕಾನೂನಿನ ಮಾತು ಸೇರಿಸುತ್ತೇನೆ. ಸಂವಿಧಾನದ 30ನೇ ವಿಧಿಯಂತೆ ಅಲ್ಪಸಂಖ್ಯಾತರು ತಮ್ಮ ಶಾಲೆ ಕಟ್ಟಿ ನಡೆಸಬಹುದು. ಆದರೆ 28(3)ನೇ ವಿಧಿಯಂತೆ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಅಥವಾ ಪ್ರಾರ್ಥನೆಗೆ ಕೂರಿಸುವಂತಿಲ್ಲ. ವಿದ್ಯಾರ್ಥಿ ಅಪ್ರಾಪ್ತನಾದರೆ ಪೋಷಕರ ಒಪ್ಪಿಗೆ ಬೇಕು. ಡಾನ್ ಬಾಸ್ಕೊ ಅವರ ಜಪಮಾಲೆ ಟಿಕೆಟ್ ಇಲ್ಲಿ ನಡೆಯುವುದಿಲ್ಲ. ಅರ್ಜೆಂಟೀನಾದ ಸ್ಯಾನ್ ಲೊರೆಂಜೊ ಫುಟ್‌ಬಾಲ್ ಕ್ಲಬ್ 1908ರಲ್ಲಿ ಹುಟ್ಟಿದ್ದೂ ಹೀಗೆಯೇ. ಟ್ರಾಮ್ ಓಡುವ ಬೀದಿಯಲ್ಲಿ ಆಡುತ್ತಿದ್ದ ಹುಡುಗರಿಗೆ ಲೊರೆಂಜೊ ಮಾಸಾ ಎಂಬ ಪಾದ್ರಿ ಚರ್ಚಿನ ಅಂಗಳ ಬಿಟ್ಟುಕೊಟ್ಟರು, ಭಾನುವಾರದ ಪೂಜೆಗೆ ಬರಬೇಕು ಎಂಬ ಷರತ್ತಿನ ಮೇಲೆ. 2025ರಲ್ಲಿ ತೀರಿಕೊಂಡ ಪೋಪ್ ಫ್ರಾನ್ಸಿಸ್ ಅದೇ ಕ್ಲಬ್ಬಿನ ಅಭಿಮಾನಿಯಾಗಿದ್ದರು. ಅವರ ದೇಶದಲ್ಲಿ ಅದು ಸರಿ ಇರಬಹುದು. ನಮ್ಮ ತಂಡಗಳಲ್ಲಿ ಲಿಂಗಾಯತರ, ಮುಸ್ಲಿಮರ, ಮರಾಠರ ಮಕ್ಕಳೇ ಹೆಚ್ಚು. ಮೌಲ್ಯ ಎಂದಾಗ ಅದು ಎಲ್ಲಿ ನಿಲ್ಲಬೇಕು ಎಂಬುದೂ ಗೊತ್ತಿರಬೇಕು.

ಗೋಲಿ ಸಲೀಸು:

ವಕೀಲ ಸಾಹೇಬರೇ, ನಾನು ಅಂಥ ಶಾಲೆಯಲ್ಲೇ ಓದಿದ ಮುಸ್ಲಿಂ ಹುಡುಗ, ಪ್ರೌಢಶಾಲೆಯಲ್ಲಿ ತಂಡದ ಗೋಲ್‌ಕೀಪರ್. ಪಂದ್ಯಕ್ಕೆ ಮೊದಲು ಮಾಸ್ತರರು ಎಲ್ಲರನ್ನೂ ವೃತ್ತವಾಗಿ ನಿಲ್ಲಿಸಿ ‘ಒಂದು ನಿಮಿಷ, ಯಾರನ್ನು ನೆನೆಯಬೇಕೋ ನೆನೆಯಿರಿ’ ಎನ್ನುತ್ತಿದ್ದರು. ನಮ್ಮ ಸ್ಟಾಪರ್, ಅಂದರೆ ರಕ್ಷಣೆಯ ನಡುವೆ ನಿಲ್ಲುವವನು, ಕಣ್ಣು ಮುಚ್ಚಿ ಸಿದ್ಧಾರೂಢರನ್ನು ನೆನೆಯುತ್ತಿದ್ದ, ನಾನು ಬಿಸ್ಮಿಲ್ಲಾ ಎನ್ನುತ್ತಿದ್ದೆ. ರಂಜಾನ್ ತಿಂಗಳಲ್ಲಿ ನನ್ನನ್ನು ಓಟದಿಂದ ಬಿಡಿಸಿ ಗೋಲಿನಲ್ಲಿ ನಿಂತಲ್ಲೇ ಚೆಂಡು ಹಿಡಿಯುವ ಅಭ್ಯಾಸ ಮಾತ್ರ ಕೊಡುತ್ತಿದ್ದರು. ನನ್ನ ಎದುರು ಯಾರಾದರೂ ನೀರು ಕುಡಿದರೆ ಅವರಿಗೆ ಮೈದಾನದ ಸುತ್ತ ಒಂದು ಓಟ. ಬೇಡ ಸರ್ ಎಂದು ನಾನೇ ಹೇಳಿದರೂ ಕೇಳಲಿಲ್ಲ. ನೀತಿಪಾಠದ ಪುಸ್ತಕದಲ್ಲಿ ಏನಿತ್ತು ಎಂದು ಈಗ ಕೇಳಿದರೆ ಒಂದು ಸಾಲೂ ಬರುವುದಿಲ್ಲ.

ಗರಡಿಮನೆ:

ಹಗ್ಗದ ಮೇಲೆ ನಡೆದ ಪಾದ್ರಿಯನ್ನು ಇಟಲಿಯಿಂದ ಕರೆತಂದಿದ್ದೀರಿ, ಸಂತೋಷ. ನಮ್ಮ ಧಾರವಾಡ, ಹಾವೇರಿ ಸೀಮೆಯಲ್ಲಿ ಗರಡಿ ಎಂಬುದೊಂದಿದೆ. ಅಲ್ಲಿ ಹೊಸಬನಿಗೆ ಮೊದಲ ಪಾಠ ಪಟ್ಟು ಅಲ್ಲ, ಸಲಿಕೆ. ಮಣ್ಣು ಅಗೆದು, ಹೆಂಟೆ ಒಡೆದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಬೇಕು. ತಾಲೂಕಿಗೇ ಹೆಸರಾದ ಪೈಲ್ವಾನನೂ ಸರದಿ ಬಂದಾಗ ಸಲಿಕೆ ಹಿಡಿಯುತ್ತಾನೆ. ವಸ್ತಾದರು, ಅಂದರೆ ಗರಡಿಯ ಗುರುಗಳು, ಎಳೆಯ ಹುಡುಗನಿಗೆ ಜೋಡಿ ಹಾಕುವಾಗ ಸಮಬಲದವನನ್ನೇ ಹುಡುಕುತ್ತಾರೆ. ದೊಡ್ಡವನ ಜೊತೆ ಬಿಟ್ಟರೂ ಆ ದೊಡ್ಡವನು ಹುಡುಗನನ್ನು ಎತ್ತಿ ಒಗೆಯುವಂತಿಲ್ಲ, ಪಟ್ಟು ಹೇಳಿಕೊಡುತ್ತ ಆಡಬೇಕು.

ಈಗಿನ ಶಾಲೆಗಳಲ್ಲಿ ಮೈದಾನಕ್ಕೆ ಸುಣ್ಣದ ಗೆರೆ ಹಾಕುವವನು ಜವಾನ, ಬಲೆ ಕಟ್ಟುವವನು ಜವಾನ. ಅಲ್ಲಿಂದ ಸರಿಮಾಡಿ.

ಬೆಳಗಾವಿಯ ಹಳೆ ವಿದ್ಯಾರ್ಥಿ:

ಬೆಳಗಾವಿಯ ಕಡೆಯಿಂದ ಒಂದು ಮಾತು. ನಮ್ಮದು ಜೆಸ್ಯೂಟ್ ಪಾದ್ರಿಗಳ ಸೇಂಟ್ ಪಾಲ್ಸ್, 1856ರ ಶಾಲೆ. ಫಾದರ್ ಎಡ್ಡಿ ಹೆಸರಿನ ಅಂತರಶಾಲಾ ಪಂದ್ಯಾವಳಿಗೆ ಊರಿನ ಹಳೆಯ ವಿದ್ಯಾರ್ಥಿಗಳೆಲ್ಲ ಬಂದು ಗಂಟಲು ಹರಿಯುವಂತೆ ಕೂಗುತ್ತಾರೆ. ಅಲ್ಲಿ ಯಾರೂ ಸೋಲಲು ಬರುವುದಿಲ್ಲ. ಸೋತು ಅತ್ತು, ಮರುದಿನ ಅದೇ ಎದುರಾಳಿ ಶಾಲೆಯ ಹುಡುಗನ ಜೊತೆ ಊರಿನ ಕ್ಯಾಂಪ್ ಬಡಾವಣೆಯಲ್ಲಿ ಐಸ್‌ಕ್ರೀಮ್ ತಿನ್ನುವುದೂ ಶೀಲವೇ. ಸ್ಪರ್ಧೆಯನ್ನು ಪಾಪ ಎಂಬಂತೆ ನೋಡಬೇಡಿ. ಆಟ ನಿಜವಾಗಿದ್ದರೆ ಮಾತ್ರ ಅದರಲ್ಲಿ ಪ್ರಾಮಾಣಿಕವಾಗಿ ನಡೆದುಕೊಂಡದ್ದಕ್ಕೆ ಬೆಲೆ.

ಸಂಶಯಪ್ಪ:

ಇದು ಒಳ್ಳೆಯ ಮಾತು. 2019ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯ ಫುಟ್‌ಬಾಲ್ ಲೀಗ್‌ನಲ್ಲಿ ಲೀಡ್ಸ್ ತಂಡ ಆ್ಯಸ್ಟನ್ ವಿಲ್ಲಾ ವಿರುದ್ಧ ಒಂದು ಗೋಲು ಹೊಡೆಯಿತು. ವಿಲ್ಲಾದ ಆಟಗಾರನೊಬ್ಬ ಪೆಟ್ಟಾಗಿ ಬಿದ್ದಿದ್ದ, ಚೆಂಡನ್ನು ಹೊರಗೆ ಹಾಕುತ್ತಾರೆ ಎಂದು ಎದುರಾಳಿಗಳು ನಿಂತುಬಿಟ್ಟಿದ್ದರು. ಲೀಡ್ಸ್ ಕೋಚ್ ಮಾರ್ಸೆಲೊ ಬಿಯೆಲ್ಸಾ ತಮ್ಮ ಆಟಗಾರರಿಗೆ ‘ಅವರಿಗೆ ಒಂದು ಗೋಲು ಬಿಟ್ಟುಕೊಡಿ’ ಎಂದು ಕೂಗಿದರು. ಆಟ 1-1ರಲ್ಲಿ ಮುಗಿಯಿತು. ಆ ವರ್ಷದ ಫಿಫಾ ಫೇರ್ ಪ್ಲೇ ಪ್ರಶಸ್ತಿ ಅವರಿಗೆ. ಗೆಲ್ಲುವ ಹಟ ಇದ್ದವರೇ ಹಾಗೆ ಮಾಡಿದರು ಎಂಬುದರಿಂದಲೇ ಅದು ಸುದ್ದಿ.

ರೈಲ್ವೆ ಕಾಲೊನಿಯ ಹಳಬ:

ಆ ಪಂದ್ಯ ನಾನೂ ನೋಡಿದ್ದೇನೆ. ಅಷ್ಟರಲ್ಲಿ ಮೇಲಿನ ಲೀಗ್‌ಗೆ ನೇರ ಬಡ್ತಿಯ ಆಸೆ ಲೀಡ್ಸ್‌ಗೆ ಹೆಚ್ಚುಕಡಿಮೆ ಮುಗಿದಿತ್ತು, ಧಾರಾಳತನ ಸುಲಭ. ಮುಂದೆ ಬಡ್ತಿಗೆ ಉಳಿದಿದ್ದ ಪ್ಲೇಆಫ್ ಪಂದ್ಯಗಳಲ್ಲೂ ಸೋತರು. ನಿಮ್ಮ ಬಿಯೆಲ್ಸಾ ಅಂದು ಒಂದು ಗೋಲು ಬಿಟ್ಟುಕೊಟ್ಟರೇ ಹೊರತು ನಾಲ್ವರು ಮುಖ್ಯ ಆಟಗಾರರನ್ನು ಬೆಂಚಿಗೆ ಕಳುಹಿಸಲಿಲ್ಲ.

ಆದರೆ ಬೂಟಿನ ವಿಷಯದಲ್ಲಿ ಹಾವೇರಿಯ ಮಾಸ್ತರರು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊದ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ಬನ್ನು 1887ರಲ್ಲಿ ಬ್ರದರ್ ವಾಲ್‌ಫ್ರಿಡ್ ಎಂಬ ಕ್ಯಾಥೊಲಿಕ್ ಬ್ರದರ್ ಕಟ್ಟಿದ್ದು ಊರಿನ ಬಡ ಮಕ್ಕಳ ಊಟಕ್ಕೆ ಹಣ ಕೂಡಿಸಲು. ಆಮೇಲೆ ಅದು ದೊಡ್ಡ ಕ್ಲಬ್ ಆಯಿತು, ಆ ಮಾತು ಬೇರೆ. ಶಾಲೆಯಲ್ಲಿ ಒಂದು ಕಪಾಟು ಇಡಲಿ. ಮಕ್ಕಳ ಕಾಲು ವರ್ಷಕ್ಕೆ ಒಂದು ನಂಬರ್ ಬೆಳೆಯುತ್ತದೆ, ಬಿಗಿಯಾದ ಬೂಟುಗಳನ್ನು ಎಸೆಯದೆ ತಂದು ಹಾಕಲಿ, ಬೇಕಾದವನು ಕೇಳದೆ ತೆಗೆದುಕೊಳ್ಳಲಿ. ಯಾರು ಕೊಟ್ಟರು, ಯಾರು ತೆಗೆದುಕೊಂಡರು ಎಂದು ಬರೆದಿಡುವುದು ಬೇಡ. ನನ್ನ ಮೊಮ್ಮಕ್ಕಳ ಎರಡು ಜೊತೆ ಇವೆ.

ಕೇಶ್ವಾಪುರದ ತಂದೆ:

ಎಲ್ಲರ ಉತ್ತರ ಓದಿದೆ. ನನ್ನ ಆಕ್ಷೇಪ ಪೂರ್ತಿ ಹೋಗಿಲ್ಲ. ಎಲ್ಲರೂ ಆಡಬೇಕು ಎಂಬುದು ಪದ್ಧತಿಯಾದರೆ ಅದನ್ನು ಜೂನ್ ತಿಂಗಳಲ್ಲೇ ಪೋಷಕರಿಗೆ ಬರೆದು ತಿಳಿಸಬೇಕು. ಮಧ್ಯಂತರದಲ್ಲಿ ಹೊರಗೆ ಕೂರಿಸಿದಾಗ ನನ್ನ ಮಗ ತಾನೇನೋ ತಪ್ಪು ಮಾಡಿದೆ ಎಂದುಕೊಂಡ. ‘ನೀನು ಚೆನ್ನಾಗಿ ಆಡಿದೆ, ಈಗ ಅವರ ಸರದಿ’ ಎಂದು ಒಂದು ಮಾತು ಯಾರೂ ಅವನಿಗೆ ಹೇಳಲಿಲ್ಲ. ಚಿಕ್ಕ ಹುಡುಗನ ಮನಸ್ಸು ಎಷ್ಟು ಮುಖ್ಯವೋ ಗೋಲು ಹೊಡೆದವನ ಮನಸ್ಸೂ ಅಷ್ಟೇ ಮುಖ್ಯ. ಇನ್ನು ಸೆಮಿಫೈನಲ್, ಫೈನಲ್‌ಗೆ ಬೇರೆ ನಿಯಮ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಬರುವ ಶನಿವಾರ ಪೋಷಕರ ಸಭೆ ಇದೆ. ಹಾವೇರಿಯ ಮಾಸ್ತರರೇ, ತಾವು ಇಂಥ ನಿಯಮಗಳ ಒಂದು ಕರಡು ಬರೆದುಕೊಟ್ಟರೆ ಮುಂದಿಡುತ್ತೇನೆ.

ಹಾ, ಬೂಟು ಕಳಚಿದ ಹುಡುಗ ನಿನ್ನೆ ನಮ್ಮ ಮನೆಗೆ ಬಂದಿದ್ದ. ಇಬ್ಬರೂ ಮಾಳಿಗೆಯ ಮೇಲೆ ಸಂಜೆಯೆಲ್ಲ ಗೋಡೆಗೆ ಚೆಂಡು ಒದೆದರು. ಪಕ್ಕದ ಮನೆಯವರು ಜಗಳಕ್ಕೆ ಬಂದರು.

ಹಾವೇರಿಯ ನಿವೃತ್ತ ಮಾಸ್ತರ:

ಮೊದಲೇ ಹೇಳಬೇಕಿತ್ತು ಎಂಬುದು ನೂರಕ್ಕೆ ನೂರು ಸರಿ. ಅಮೆರಿಕದಲ್ಲಿ 1964ರಿಂದ ನಡೆಯುತ್ತಿರುವ ‘ಆಯ್ಸೊ’ ಎಂಬ ಮಕ್ಕಳ ಸಾಕರ್ ಸಂಸ್ಥೆಯಲ್ಲಿ ಪ್ರತಿ ಮಗು ಪ್ರತಿ ಪಂದ್ಯದಲ್ಲಿ ಕನಿಷ್ಠ ಅರ್ಧ ಆಟ ಆಡಲೇಬೇಕು. ಅಲ್ಲಿ ತಂಟೆ ಕಡಿಮೆ, ಏಕೆಂದರೆ ಮಗುವನ್ನು ಸೇರಿಸುವ ದಿನವೇ ಪೋಷಕರಿಗೆ ಅದು ಗೊತ್ತಿರುತ್ತದೆ. ಕರಡು ಹೀಗಿರಲಿ:

ಅಭ್ಯಾಸಕ್ಕೆ ಕ್ರಮವಾಗಿ ಬಂದ ಹುಡುಗರೆಲ್ಲ ಪ್ರತಿ ಪಂದ್ಯದಲ್ಲಿ ಕನಿಷ್ಠ ಅರ್ಧ ಆಟ ಆಡುತ್ತಾರೆ. ಯಾರು ಎಷ್ಟು ನಿಮಿಷ ಆಡಿದರು ಎಂಬುದನ್ನು ಅಂದು ಹೊರಗಿರುವ ಒಬ್ಬ ಆಟಗಾರ ನೋಟ್‌ಬುಕ್‌ನಲ್ಲಿ ಬರೆಯುತ್ತಾನೆ, ಅದನ್ನು ಯಾರು ಬೇಕಾದರೂ ನೋಡಬಹುದು. ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ ಅರ್ಧ ಆಟದ ಬದಲು ಕಾಲು ಆಟ. ಹೊರಗೆ ಬರುವವನಿಗೆ ಮಾಸ್ತರರು ಕಾರಣ ಹೇಳಿಯೇ ಕೂರಿಸಬೇಕು. ರೆಫರಿಗೆ ಬೈದವನು, ಅವನು ಯಾರೇ ಆಗಿರಲಿ, ಮುಂದಿನ ಪಂದ್ಯಕ್ಕೆ ಇಲ್ಲ. ಬದಿಯಿಂದ ಕೂಗಿ ಆಟ ಹೇಳಿಕೊಡುವ ಪೋಷಕರಿಗೂ ಇದೇ ನಿಯಮ. ಗೆರೆ ಹಾಕುವುದು, ಬಲೆ ಕಟ್ಟುವುದು, ಚೆಂಡು ಒರೆಸಿ ಇಡುವುದು ಸರದಿಯ ಮೇಲೆ, ನಾಯಕನಿಗೂ ವಿನಾಯಿತಿ ಇಲ್ಲ. ಬೂಟಿನ ಕಪಾಟಿಗೆ ಬೀಗ ಇರುವುದಿಲ್ಲ.

ರೈಲ್ವೆ ಕಾಲೊನಿಯ ಹಳಬ:

ಕಾಲು ಆಟ ಎಂದರೆ ಒಪ್ಪಬಹುದು. ಫೈನಲ್‌ನಲ್ಲಿ ಪೆನಾಲ್ಟಿಗೆ ಹೋದರೆ ಯಾರು ಒದೆಯಬೇಕು ಎಂಬುದನ್ನಾದರೂ ಮಾಸ್ತರರ ಕೈಯಲ್ಲಿ ಬಿಡಿ.

ಧಾರವಾಡದ ವಕೀಲ:

ಪೋಷಕರಿಗೂ ಇದೇ ನಿಯಮ ಎಂಬುದನ್ನು ಜಾರಿ ಮಾಡುವವರು ಯಾರು ಎಂದು ಬರೆಯಿರಿ. ಇಲ್ಲದಿದ್ದರೆ ಆ ಸಾಲು ಗೋಡೆಯ ಮೇಲಿನ ಸುಭಾಷಿತವಾಗಿ ಉಳಿಯುತ್ತದೆ.

ಗದಗಿನ ತಾಯಿ:

ಮಾಸ್ತರರೇ, ಕರಡಿನಲ್ಲಿ ‘ಹುಡುಗರೆಲ್ಲ’ ಎಂದು ಬರೆದಿದ್ದೀರಿ. ನನ್ನ ಮಗಳು ಆರನೇ ತರಗತಿ. ಅಣ್ಣ ಬಿಟ್ಟ ಆಟವನ್ನು ಅವಳು ಹಿಡಿದಿದ್ದಾಳೆ. ಅವಳ ಶಾಲೆಯಲ್ಲಿ ಹೆಣ್ಣುಮಕ್ಕಳ ತಂಡವೇ ಇಲ್ಲ. ಹನ್ನೊಂದು ಜನ ಆಗುವುದಿಲ್ಲ ಎನ್ನುತ್ತಾರೆ.

ಹಾವೇರಿಯ ನಿವೃತ್ತ ಮಾಸ್ತರ:

‘ಮಕ್ಕಳೆಲ್ಲ’ ಎಂದು ತಿದ್ದಿದ್ದೇನೆ, ತಾಯಿ. ಹನ್ನೊಂದು ಜನ ಬೇಕೇ ಬೇಕು ಎಂದು ನಿಯಮ ಹೇಳುವುದಿಲ್ಲ, ಏಳು ಜನರಿದ್ದರೆ ಪಂದ್ಯ ಆರಂಭಿಸಬಹುದು. ಆರನೇ ತರಗತಿಯವರಿಗೆ ಅರ್ಧ ಮೈದಾನ, ನಾಲ್ಕನೇ ಅಳತೆಯ ಚಿಕ್ಕ ಚೆಂಡು ಸಾಕು. ದೇಶದ ಶಾಲಾ ತಂಡಗಳು ಆಡುವ ಸುಬ್ರೊತೊ ಕಪ್ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಹದಿನೇಳರೊಳಗಿನ ಹುಡುಗಿಯರ ವಿಭಾಗವೂ ಇದೆ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿ. ಈಗ ಎಷ್ಟು ಜನ ಇದ್ದಾರೆ?

ಗದಗಿನ ತಾಯಿ:

ಒಂಬತ್ತು ಜನ. ಆಡಿಸುವವರು ಬೇಕು.

ಜಪಮಾಲೆ:

ಅಕ್ಕಾ, ಗದಗಿನ ಚರ್ಚಿನ ಯುವಕರ ಸಂಘದಲ್ಲಿ ಆಡುವ ಹುಡುಗಿಯರು ಯಾರಾದರೂ ಇದ್ದಾರೆಯೇ ಎಂದು ಭಾನುವಾರ ವಿಚಾರಿಸಿ ಇಲ್ಲೇ ತಿಳಿಸುತ್ತೇನೆ. ಅಷ್ಟರಲ್ಲಿ ಒಂದು ಚೆಂಡು ಕೊಂಡುಬಿಡಿ.